ಕಾಲುಂಗುರದ ಅಳತೆ

ಸಿಂಧನೂರು
13 ಆಗಸ್ಟ್ 2025, ಬುಧವಾರ ಸಂಜೆ

ಪ್ರೀತಿಯ ನಂದಿನಿಗೆ,

ನಿನ್ನ ಹುಸ್ನಾ ಹೆದರಿಕೊಂಡೇ ಹೇಳುವ ಸಲಾಂ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಬ್ಲೌಸಿನ ಅಳತೆ ಬರೆದಿಡುವ ನೋಟ್‌ಬುಕ್ಕಿನ ಹಾಳೆ ಹರಿದು ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನಿನ್ನೆ ಫೋನಿನಲ್ಲಿ ನಿನಗೆ ಸುಳ್ಳು ಹೇಳಿದೆ. ಗದ್ದೆಯಲ್ಲಿ ನಿಮ್ಮವ್ವನ ಕಾಲಿಗೆ ಗಾಜು ಚುಚ್ಚಿದೆ, ಎರಡು ದಿನದಲ್ಲಿ ಆರಾಮಾಗುತ್ತದೆ ಅಂದೆ. ನೀನು ನಂಬಿದೆ. ನೀನು ನೋಡಿಕೊಳ್ಳುವ ಹಾಸ್ಟೆಲ್ ಮಕ್ಕಳ ಹದಿನೈದನೇ ತಾರೀಖಿನ ಕಾರ್ಯಕ್ರಮ ಮುಗಿಸಿಕೊಂಡು ಬರುತ್ತೇನೆ ಎಂದೆ. ಗಾಜು ಇಲ್ಲ ನಂದಿನಿ. ನಿಮ್ಮವ್ವ ಗದ್ದೆಮ್ಮವ್ವನ ಕಾಲು ಕೆಡಿಸಿದ್ದು ನಾನು ಹೊಲಿದ ಬೂಟು. ಬಲಗಾಲಿನ ಎರಡು ಬೆರಳು ಉಳಿಯುವುದಿಲ್ಲವಂತೆ. ನಾಳೆ ಬೆಳಿಗ್ಗೆ ಆಪರೇಷನ್. ಬೆರಳಿಗೇ ನಿಲ್ಲುತ್ತದೋ, ಪಾದವೇ ಹೋಗುತ್ತದೋ, ಒಳಗೆ ನೋಡಿದ ಮೇಲೆಯೇ ಹೇಳುತ್ತೇನೆ ಎಂದಿದ್ದಾರೆ ಡಾಕ್ಟರು. ಬೆಳಿಗ್ಗೆಯಿಂದ ಎರಡು ಸಲ ನಿನಗೆ ಫೋನ್ ಮಾಡಿದೆ. ನೀನು ಹಲೋ ಹುಸ್ನಾ ಎಂದಿದ್ದೇ ತಡ, ಊಟ ಆಯ್ತಾ ಎಂದು ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ನಮ್ಮ ಮನೆಯವರು ಯೂನುಸ್ ತಮ್ಮ ಆಟೋದಲ್ಲೇ ಲಿಂಗಸುಗೂರಿಗೆ ಬಂದು ನಿನ್ನ ಕೈಗೆ ಕೊಡುತ್ತಾರೆ. ಓದಿ, ಅವರ ಜೊತೆಗೇ ಹೊರಟು ಬಾ.

ಬೂಟಿನ ಕಥೆ ನಿನಗೆ ಅರ್ಧ ಗೊತ್ತು. ಆದರೂ ಮೊದಲಿನಿಂದ ಬರೆಯುತ್ತೇನೆ. ಹಾಗಾದರೂ ಕೊನೆಯದನ್ನು ಬರೆಯುವ ಧೈರ್ಯ ಬರಬಹುದು.

ನೆಲ್ಲು ನಾಟಿ ಹಚ್ಚುವ ತಿಂಗಳಲ್ಲಿ ನಿಮ್ಮವ್ವನ ಬೆರಳ ಸಂದಿ ಕೊಳೆತು ಬಿಳಿಚಿಕೊಳ್ಳುತ್ತಿದ್ದದ್ದನ್ನು ನಾವಿಬ್ಬರೂ ಶಾಲೆಗೆ ಹೋಗುವಾಗಿನಿಂದ ನೋಡಿದವರು. ಸಂಜೆ ಉಪ್ಪುನೀರಿನಲ್ಲಿ ಕಾಲಿಟ್ಟುಕೊಂಡು ಹಲ್ಲು ಕಚ್ಚುತ್ತಿದ್ದಳು. ನಮ್ಮೂರು ವಳಕಮದಿನ್ನಿಯಲ್ಲಿ ಗದ್ದೆಗಿಳಿಯುವ ಯಾವ ಹೆಂಗಸಿನ ಕಾಲು ನೆಟ್ಟಗಿತ್ತು ಹೇಳು. ನಾನೋ ಹೊಲಿಗೆಯವಳು, ಮೈಗೆ ಹೊಲಿಯುವವಳಿಗೆ ಕಾಲಿಗೆ ಹೊಲಿಯಲು ಬರುವುದಿಲ್ಲವೇ ಎಂಬ ಜಂಬ. ಮೊದಲು ರೆಕ್ಸಿನ್ನಿನಲ್ಲಿ ಮೊಣಕಾಲುದ್ದದ ಬೂಟು ಹೊಲಿದೆ. ಸೂಜಿ ಚುಚ್ಚಿದ ಕಡೆಯೆಲ್ಲ ನೀರು ನುಗ್ಗಿ ಮಧ್ಯಾಹ್ನದೊಳಗೆ ಒಬ್ಬೊಬ್ಬರ ಕಾಲಲ್ಲಿ ಒಂದೊಂದು ಕೊಡ ನೀರು. ಆಮೇಲೆ ಟ್ರ್ಯಾಕ್ಟರ್ ಟ್ಯೂಬಿನಲ್ಲಿ ಸಡಿಲವಾಗಿ ಮಾಡಿದೆ. ಕೆಸರು ಅದನ್ನು ಎಳೆದುಕೊಂಡಿತು. ನಿಮ್ಮವ್ವ ಒಂದು ಬೂಟಿನಲ್ಲಿ ಬದುವಿಗೆ ಬಂದಳು, ಇನ್ನೊಂದು ಇವತ್ತಿಗೂ ಆ ಗದ್ದೆಯಲ್ಲೇ ಇದೆ. ಓಣಿಯವರೆಲ್ಲ ನಕ್ಕರು. ನಾನು ಟ್ಯೂಬು ಸುತ್ತಿ ಮಂಚದ ಕೆಳಗೆ ತಳ್ಳಿ, ಮತ್ತೆ ಬ್ಲೌಸು ಹಿಡಿದೆ.

ಒಂದು ತಿಂಗಳಾದ ಮೇಲೆ ಗದ್ದೆಮ್ಮವ್ವ ಬಂದು, ಬಗ್ಗಿ ಆ ಟ್ಯೂಬನ್ನು ಎಳೆದು ನನ್ನ ಮಷಿನ್ನಿನ ಮೇಲಿಟ್ಟಳು. ಒಂದು ನೀರು ಕುಡೀತು, ಒಂದು ಕೆಸರು ನುಂಗ್ತು, ಈಗ ಮೂರನೇದು ಹೊಲಿ ಬೇ, ಮೊದಲು ಹಾಕ್ಕೊಳ್ಳಾಕಿ ನಾನs ಎಂದಳು.

ಪಂಕ್ಚರ್ ಅಂಗಡಿಯ ಜಂಗ್ಲಿಸಾಬ್ ಚಾಚಾ ಹೊಲಿಗೆಯ ಮೇಲೆ ಟ್ಯೂಬಿನ ಪಟ್ಟಿ ಅಂಟಿಸುವುದನ್ನು ಕಲಿಸಿದರು. ಕೆಸರು ಎಳೆಯಬಾರದೆಂದು ಪಾದದ ಭಾಗವನ್ನು ಬಿಗಿಯಾಗಿ ಮಾಡಿದೆ. ಈ ಸಲ ಗೆದ್ದೆ ನಂದಿನಿ. ವಳಕಮದಿನ್ನಿ, ಗೊರೇಬಾಳ ಸೇರಿ ನಲವತ್ತೆರಡು ಜೋಡಿ ಹೋದವು. ಹದಿನೈದು ದಿನದಲ್ಲಿ ಬೆರಳ ಸಂದಿಯ ಹುಣ್ಣು ಒಣಗಿದವರು ಅಂಗಡಿಗೆ ಬಂದು ಕಾಲು ಚಾಚಿ ತೋರಿಸಿದರು. ಅವತ್ತಿನ ಖುಷಿ ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ತಪ್ಪು ಎಲ್ಲಿ ಆಯಿತೆಂದರೆ, ಪಾದದ ಅಳತೆ ತೆಗೆದದ್ದು ನನ್ನ ಮತ್ತು ನಮ್ಮತ್ತೆಯ ಕಾಲಿನ ಮೇಲೆ. ನಮ್ಮ ಮನೆಯಲ್ಲಿ ಯಾರೂ ಕಾಲುಂಗುರ ಹಾಕುವುದಿಲ್ಲ. ಬೂಟು ಹಾಕುವವರಲ್ಲಿ ಹೆಚ್ಚಿನವರು ಕಾಲುಂಗುರದವರು ಎಂಬುದು ನನ್ನ ಕಣ್ಣೆದುರಿಗೇ ಇದ್ದರೂ ತಲೆಗೆ ಹೋಗಲಿಲ್ಲ. ಅಂಗಡಿಯಲ್ಲಿ ಒಣಗಾಲಿಗೆ ಹಾಕಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಇಡೀ ದಿನ ಬಗ್ಗಿ ನಿಂತರೆ ಬೆರಳು ಊದುತ್ತದೆ, ರಬ್ಬರು ಜಗ್ಗುವುದಿಲ್ಲ, ಉಂಗುರ ಮಾಂಸದೊಳಗೆ ಇಳಿಯುತ್ತದೆ. ಎಕರೆ ಗುತ್ತಿಗೆಯ ಕೆಲಸ, ಒಬ್ಬಳು ಬದುವಿಗೆ ಬಂದು ಕೂತರೆ ಸಾಲೇ ನಿಲ್ಲುತ್ತದೆ. ಹಾಗಾಗಿ ಯಾರೂ ಬಿಚ್ಚಿ ನೋಡಿಕೊಳ್ಳಲಿಲ್ಲ.

ಇಷ್ಟೇ ಆಗಿದ್ದರೆ, ತಿಳಿಯದೆ ಮಾಡಿದೆ ಎಂದು ನಿನ್ನ ಕಾಲು ಹಿಡಿಯುತ್ತಿದ್ದೆ. ತಿಳಿದು ಮಾಡಿದ್ದೂ ಇದೆ.

ಶನಿವಾರ ನಿಮ್ಮವ್ವ ಅಂಗಡಿಗೆ ಬಂದು ಬೆರಳು ತೋರಿಸಿದಳು. ಯಾಕೋ ಕಡಿಯಾಕತ್ತೈತಿ ಹುಸ್ನಾ ಎಂದಳು. ಉಂಗುರದ ಸುತ್ತ ಚರ್ಮ ಹರಿದು ಕೆಂಪಾಗಿತ್ತು. ಸೋಮವಾರ ಮಸ್ಕಿಯಿಂದ ಮಹಿಳಾ ಸಂಘದ ಸೂಗಮ್ಮ ತನ್ನವರನ್ನು ಕರೆದುಕೊಂಡು ಬೂಟು ನೋಡಲು ಬರುವವಳಿದ್ದಳು. ಮನಸ್ಸಿಗೆ ಬಂದರೆ ಇನ್ನೂರು ಜೋಡಿ. ಸಾಲಿನಲ್ಲಿ ಎಲ್ಲರಿಗಿಂತ ಚುರುಕು ಕೈ ನಿಮ್ಮವ್ವನದು, ಅವಳೇ ಮುಂದಿರಬೇಕು ಎಂಬ ಆಸೆ ನನಗೆ. ಹೊಸಾ ಚಪ್ಪಲಿನೂ ಕಡೀತೈತಿ ಅವ್ವಾ, ಸೋಮವಾರ ಒಂದು ದಿನ ತಡಕೋ ಅಂದೆ. ಆತು ಬಿಡವಾ ಎಂದು ಉಂಗುರಕ್ಕೆ ನನ್ನ ಹತ್ತಿರವೇ ಒಂದು ಬಟ್ಟೆಚೂರು ಇಸಿದುಕೊಂಡು ಸುತ್ತಿದಳು. ಅದರಿಂದ ಇನ್ನೂ ಬಿಗಿಯಾಯಿತು.

ಸೋಮವಾರ ಸೂಗಮ್ಮ ಬಂದಳು, ನೋಡಿದಳು, ಇನ್ನೂರು ಜೋಡಿಗೆ ಹೂಂ ಅಂದಳು. ನಿಮ್ಮವ್ವ ಸಂಜೆತನಕ ಒಮ್ಮೆಯೂ ಕೂಡಲಿಲ್ಲ. ಬೂಟು ಬಿಚ್ಚಲು ಬರದೆ ನಾನೇ ಎಳೆದೆ. ಸೆರಗು ಬಾಯಿಗೆ ತುರುಕಿಕೊಂಡಳು. ಇನ್ನೂರು ಜೋಡಿಯ ಸಂತೋಷದಲ್ಲಿ ಕಾಲನ್ನು ಸರಿಯಾಗಿ ನೋಡಲಿಲ್ಲ ಎಂದು ಬರೆಯಲು ಹೊರಟಿದ್ದೆ. ನೋಡಿದೆ ನಂದಿನಿ. ಬೆರಳು ನೀಲಿಯಾಗಿದ್ದವು. ನೋಡಿಯೂ ಅರಿಶಿನ ಹಚ್ಚಿಕೋ ಎಂದು ಹೇಳಿ ಕಳಿಸಿದೆ.

ನಿನ್ನೆ ಬೆಳಗಾಗುವಷ್ಟರಲ್ಲಿ ಮೈ ಸುಡುವ ಜ್ವರ. ನಿಮ್ಮಪ್ಪ ಅಂಬಪ್ಪ ಕಾಕಾ ಇಲ್ಲಿಗೆ ತಂದರು. ನಿಮ್ಮವ್ವನಿಗೆ ಶುಗರ್ ಇದೆಯಂತೆ, ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರು ಏನಾಯಿತು ಎಂದು ಕೇಳಿದಾಗ ಅವಳು ನನ್ನ ಮುಖ ನೋಡಿ, ಗಾಜು ಚುಚ್ಚೈತ್ರಿ ಎಂದಳು. ನಾನು ಸುಮ್ಮನೆ ನಿಂತೆ. ಊತದಲ್ಲಿ ಹೂತುಹೋಗಿದ್ದ ಉಂಗುರವನ್ನು ತೆಗೆಯೋಣವೇ ಎಂದು ನರ್ಸು ಕೇಳಿದರೆ, ಗಂಡ ಬದುಕಿರುವಾಗ ಬ್ಯಾಡ್ರಿ ಎಂದು ಕಾಲೆಳೆದುಕೊಂಡಳು. ಗಾಜು ಅಂಗಾಲಿನಲ್ಲಿ ಇರಬಹುದೆಂದು ಡಾಕ್ಟರು ಎಕ್ಸರೇ ತೆಗೆಸಿ ಹುಡುಕುತ್ತಾ ಉಳಿದರು. ನನ್ನ ಬಾಯಿ ಮುಚ್ಚಿದ್ದರಿಂದ ಒಂದು ಇಡೀ ದಿನ ಹೋಯಿತು.

ಇವತ್ತು ಬೆಳಿಗ್ಗೆ ತಡೆಯಲಾಗದೆ ಡಾಕ್ಟರಿಗೆ ಎಲ್ಲಾ ಹೇಳಿದೆ. ಶನಿವಾರದ್ದನ್ನೂ ಹೇಳಿದೆ. ಅವರು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ, ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೆ. ಅಂಬಪ್ಪ ಕಾಕಾ ಪಕ್ಕದಲ್ಲೇ ನಿಂತಿದ್ದರು. ಉಂಗುರ ಕತ್ತರಿಸ್ರಿ ಸಾಹೇಬ್ರ, ನಾ ಇಲ್ಲೇ ನಿಂತೀನಲ್ಲ ಎಂದರು. ಉಂಗುರ ಕತ್ತರಿಸುವಾಗ ನಿಮ್ಮವ್ವ ಮುಖದ ಮೇಲೆ ಸೆರಗು ಎಳೆದುಕೊಂಡು ಅತ್ತಳು. ಕಾಕಾ ಎರಡು ತುಂಡನ್ನೂ ಅಂಗಿಯ ಕಿಸೆಗೆ ಹಾಕಿಕೊಂಡು ಹೊರಗೆ ಹೋದರು. ಆಗಿನಿಂದ ನನ್ನ ಜೊತೆ ಒಂದು ಮಾತಿಲ್ಲ. ಹೊಡೆದಿದ್ದರೆ ಇಷ್ಟು ಭಯ ಆಗುತ್ತಿರಲಿಲ್ಲ.

ಅಲ್ಲಿಂದ ನೇರ ಗದ್ದೆಗಳಿಗೆ ಓಡಿದೆ. ಇನ್ನೂ ಎಷ್ಟು ಜನರ ಬೆರಳು ಹೀಗಾಗಿದೆಯೋ ಎಂದು ಆಟೋದಲ್ಲಿ ಕೂತೇ ಬೂಟು ಕೊಂಡವರ ಹೆಸರು ಒಂದೊಂದಾಗಿ ಎಣಿಸಿದೆ. ಮೂವರ ಬೆರಳು ಕೆಂಪಾಗಿದ್ದವು, ಅವರನ್ನೂ ಇಲ್ಲಿಗೇ ಕರೆತಂದು ತೋರಿಸಿದೆ, ಅವರಿಗೆ ಅಪಾಯವಿಲ್ಲವಂತೆ. ಬೂಟು ವಾಪಸು ಕೊಡ್ರಿ, ಸುಟ್ಟುಬಿಡ್ತೀನಿ ಅಂದರೆ ಗೊರೇಬಾಳದ ಒಬ್ಬ ಮುದುಕಿ ನನ್ನನ್ನು ಚೆನ್ನಾಗಿ ಜಾಡಿಸಿದಳು. ಹಿಮ್ಮಡ ಅಳದಿ, ಮೊಣಕಾಲು ಅಳದಿ, ಉಂಗುರದ ಬೆರಳು ಒಂದs ನಿನಗ ಕಾಣಲಿಲ್ಲೇನು ಅಂದಳು. ಬೂಟನ್ನು ನನ್ನ ಮೇಲೆ ಎಸೆದು, ಸುಡಬ್ಯಾಡ, ಮುಂದ ಅಗಲ ಮಾಡಿಕೊಂಡು ಬಾ, ಬರಿಗಾಲಿಲೆ ಇಳಿಯೋದು ಇನ್ನ ನನ್ನ ಕೈಲಿ ಆಗಂಗಿಲ್ಲ ಎಂದಳು. ನಲವತ್ತೆರಡು ಜೋಡಿಯೂ ಈಗ ನಮ್ಮ ಮನೆಯಲ್ಲಿವೆ. ಸೂಗಮ್ಮನಿಗೂ ಫೋನ್ ಮಾಡಿ ಹೇಳಿದೆ. ಮೊದಲು ಆ ತಾಯೀನ ನೋಡ್ಕೋ ಎಂದು ಇಟ್ಟಳು.

ಈ ಹಾಳೆಗಳ ಹಿಂದಿನ ಗೀಟುಗಳನ್ನು ನೋಡಿದರೆ ನಿನಗೆ ಸಿಟ್ಟು ಬರಬಹುದು. ಬೆರಳ ಕಡೆ ಅಗಲ, ಕೆಸರು ಎಳೆಯದಂತೆ ಕಾಲಗಂಟಿನ ಹತ್ತಿರ ಪಟ್ಟಿ. ಇಲ್ಲಿ ಕೂತಾಗ ಕೈ ತಾನೇ ಗೀಚಿದ್ದು. ಗೀಚಿದ ಮೇಲೆ ಹಾಳೆ ಮಗುಚಿಟ್ಟೆ. ಹೊಲಿಯಬೇಕೋ ಬೇಡವೋ ನನಗೆ ತಿಳಿಯುತ್ತಿಲ್ಲ. ನಾಳೆ ಆಪರೇಷನ್ ಕೋಣೆಯ ಬಾಗಿಲು ತೆರೆದು ಡಾಕ್ಟರು ಹೊರಗೆ ಬರುವಾಗ ನೀನು ಇಲ್ಲಿರಬೇಕು. ನೀನು ಬಂದು ಏನು ಬೇಕಾದರೂ ಅನ್ನು. ನಾನು ಇದೇ ಬೆಂಚಿನ ಮೇಲೆ ಇರುತ್ತೇನೆ, ಓಡಿಹೋಗುವುದಿಲ್ಲ.

ನಿನ್ನ ಗೆಳತಿ ಎಂದು ಬರೆದುಕೊಳ್ಳಲು ಹೆದರುತ್ತಿರುವ,
ಹುಸ್ನಾ

ಮರೆತದ್ದು: ಮರೆತಿಲ್ಲ, ಬರೆಯಬಾರದು ಅಂದುಕೊಂಡಿದ್ದೆ. ಕಾಗದ ಮಡಿಚುವುದನ್ನು ನಿಮ್ಮವ್ವ ನೋಡಿದಳು. ನಂದಿನಿಗೆ ಬರದೀಯೇನು, ಹರದು ಹಾಕು ಬೇ, ಆಕಿಗೆ ಸಿಟ್ಟು ಜಾಸ್ತಿ, ಇದ್ದೊಬ್ಬ ಗೆಳತೀನ ಕಳಕೊಂತಿ, ನಿಮ್ಮ ಕಾಕಾಗೂ ಬಾಯಿ ಬಿಡಬ್ಯಾಡ ಅಂತ ಹೇಳೀನಿ, ಗಾಜು ಅಂದದ್ದು ಗಾಜಾಗೇ ಇರಲಿ ಎಂದಳು. ಆಯಿತು ಎಂದು ಅವಳ ಎದುರಿಗೇ ಹರಿದೆ. ಹರಿದದ್ದು ಖಾಲಿ ಹಾಳೆ.