ಲಿಲ್ಲಿಗೆ ಹಿಡಿದ ಛತ್ರಿ

ಕಾಲಿಂಪೊಂಗ್, ಜೂನ್ ೧೮

ಪ್ರೀತಿಯ ಬುವಾ, ನನ್ನ ಅಪ್ಪಾ,

ಮದುವೆಗೆ ನೀವು ಕೊಟ್ಟ ದೈತ್ಯ ಲಿಲ್ಲಿ ಹಿತ್ತಲ ಕಾಡಿನ ನೆರಳಲ್ಲಿ ನನಗಿಂತ ಎತ್ತರ ಬೆಳೆದಿದೆ! ಎಷ್ಟು ಚೆಂದ ಅಂತೀರಿ! ಆದರೆ ಅತ್ತೆಯನ್ನು ಮೆಚ್ಚಿಸಲು ಹೋಗಿ, ಅದರ ಮೇಲಿನ ಮರದ ಸೊಪ್ಪನ್ನೆಲ್ಲ ಹಸುವಿಗೆಂದು ಕಡಿದುಬಿಟ್ಟೆ. ಈಗ ಬಿಸಿಲು ಬಿದ್ದು ಮೊಗ್ಗುಗಳು ಅವಸರಪಡುತ್ತಿವೆ. ನಿಮ್ಮಲ್ಲಿ ಆರು, ಇಲ್ಲಿ ಒಂದು, ಹೀಗೆ ಏಳು ವರ್ಷ ಕಾದು, ಒಮ್ಮೆ ಅರಳಿ ಸಾಯುವ ಗಿಡ. ನಿಮ್ಮ ಅಳಿಯನಿಗೆ ಸೇನೆಯ ಪಲ್ಟನ್ನಿನಿಂದ ರಜೆ ಸಿಗುವುದು ಮುಂದಿನ ತಿಂಗಳು. ಮದುವೆಯಾದ ಮೇಲೆ ನಾವು ಜೊತೆಗಿದ್ದದ್ದು ಒಂಬತ್ತೇ ದಿನ. ಹೂವನ್ನಾದರೂ ಒಟ್ಟಿಗೆ ನೋಡೋಣ ಅಂದಿದ್ದರು.

ದಿನವಿಡೀ ಗಿಡಕ್ಕೆ ಅವರ ಛತ್ರಿ ಹಿಡಿದು ನಿಲ್ಲುತ್ತೇನೆ. “ಏನೇ ಬುಹಾರಿ, ಅದೇನು ಮದುಮಗನಾ, ಕೊಡೆ ಹಿಡಿಯೋಕೆ?” ಎಂದು ಅತ್ತೆ ಸೊಸೆಯನ್ನು ಕೆಣಕಿ ನಗುತ್ತಾರೆ.

ಮೊಗ್ಗು ತಡೆಯುವ ಉಪಾಯವಿದ್ದರೆ ಬೇಗ ಬರೆಯಿರಿ.

ನಿಮ್ಮ ಮಗಳು,
ಸಂಜಿಲಾ

ತಾ.ಕ.: ಬರೆಯುವುದು ಬೇಡ ಬುವಾ. ಲಕೋಟೆ ಅಂಟಿಸುವಷ್ಟರಲ್ಲಿ ಕೆಳಗಿನ ಹೂವು ಅರಳಿತು. ಅತ್ತೆ ನಗಲಿಲ್ಲ. ಉಳಿದ ಮೊಗ್ಗುಗಳಿಗೆ ಛತ್ರಿಯನ್ನು ತಾವೇ ಹಿಡಿದು, ನನ್ನನ್ನು ಊಟಕ್ಕೆ ಕಳಿಸಿದರು.