ಒತ್ತದೆ ಉಳಿದ ಮುದ್ರೆ

ಒಕುನೊತಾನಿ ಹಳ್ಳಿ, ಎಚಿಗೊ
ಫೆಬ್ರವರಿ ೨೨, ಶನಿವಾರ

ಇವರೇ,

‘ಪ್ರೀತಿಯ’ ಎಂದು ಶುರುಮಾಡಲು ಪೆನ್ನು ಹಿಡಿದೆ, ಕೈ ಒಪ್ಪಲಿಲ್ಲ. ನಲವತ್ತೊಂದು ವರ್ಷದಿಂದ ಕರೆದ ಹಾಗೆಯೇ ಕರೆದಿದ್ದೇನೆ. ಕಾಲು ಹೇಗಿದೆ? ಮುರಿದ ಎರಡು ಪಕ್ಕೆಲುಬುಗಳು ಹೇಗಿವೆ? ಕೆಮ್ಮಿದರೆ ನೋಯುತ್ತದೆಯೆ? ನೋಯಲಿ. ಆಸ್ಪತ್ರೆಯ ಸಾರು ನೀರುನೀರಾಗಿರುತ್ತದೆ ಎಂದು ನರ್ಸಮ್ಮನ ಹತ್ತಿರ ದೂರಿದಿರಂತೆ. ಮನೆಯಲ್ಲಿ ನನ್ನ ಮಿಸೊ ಸಾರನ್ನು ಉಪ್ಪು ಜಾಸ್ತಿ ಎಂದು ಮೂಗು ಮುರಿಯುತ್ತಿದ್ದ ಬಾಯಿ ಅದೇ ಅಲ್ಲವೆ? ಫೋನು ಮಾಡಿದರೆ ನೀವು ‘ಹೂಂ’ ಎನ್ನುತ್ತೀರಿ, ಇನ್ನೊಂದು ಸಲ ‘ಹೂಂ’ ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಕಾಗದ. ಕಾಲನ್ನು ಮೇಲಕ್ಕೆತ್ತಿ ಕಟ್ಟಿ ಮಲಗಿಸಿದ್ದಾರಂತೆ. ನಾನು ಬಾಯಿ ತೆರೆದ ಕೂಡಲೇ ಸೌದೆ ತರುವ ನೆಪದಲ್ಲಿ ಎದ್ದು ಹೋಗುತ್ತಿದ್ದಿರಲ್ಲ, ಈಗ ಎಲ್ಲಿಗೆ ಹೋಗುತ್ತೀರೋ ನೋಡೋಣ.

ಕಣಿವೆಯ ರಸ್ತೆ ಹಿಮ ಕುಸಿಯುವ ಭಯಕ್ಕೆ ಮುಚ್ಚಿ ಐದು ದಿನವಾಯಿತು. ಬೆಳಿಗ್ಗೆ ಒಂದು ಗಂಟೆ ಮಾತ್ರ ಹಿಮ ಬಾಚುವ ಗಾಡಿಯ ಹಿಂದೆ ಅಂಚೆಯ ಗಾಡಿಯನ್ನು ಬಿಡುತ್ತಾರೆ, ಜನರನ್ನು ಬಿಡುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ನಮ್ಮ ಹಳ್ಳಿಯನ್ನು ಪಟ್ಟಣಕ್ಕೆ ಸೇರಿಸಿದಾಗ, ಹಿಮ ಬಾಚುವ ಗಾಡಿ ನಮ್ಮಲ್ಲೇ ಇರುತ್ತದೆ ಎಂದು ಪಟ್ಟಣದವರು ವೇದಿಕೆಯ ಮೇಲೆ ನಿಂತು ಮಾತು ಕೊಟ್ಟಿದ್ದರು. ಆ ಮಾತು ಅಚ್ಚಾದ ಪತ್ರಿಕೆಯ ಚೂರು ನನ್ನ ನಿಘಂಟಿನ ಮಧ್ಯೆ ಈಗಲೂ ಇದೆ. ಮುಂದಿನ ಚಳಿಗಾಲಕ್ಕೇ ಗಾಡಿ ಕೆಳಗಿನ ಪಟ್ಟಣಕ್ಕೆ ಹೋಯಿತು. ಅದರ ಬದಲಿಗೆ ಈಗ ನಮಗೆ ವರ್ಷಕ್ಕೊಂದು ಬಣ್ಣದ ಕರಪತ್ರ ಬರುತ್ತದೆ, ಅದರಲ್ಲಿ ಒಬ್ಬ ಮುದುಕ ಮಾಡಿನ ಮೇಲೆ ಸಲಿಕೆ ಹಿಡಿದು ನಗುತ್ತಿರುತ್ತಾನೆ. ಎಂಟು ಅಡಿ ಹಿಮದ ಕೆಳಗಿರುವ ಮನೆಯ ಮೇಲೆ ನಿಂತು ನಗುವ ಮುದುಕನನ್ನು ಬಿಡಿಸಿದವನು ಯಾವ ಊರಿನವನು ಎಂದು ಕೇಳಿ ಎರಡು ಸಲ ಪತ್ರಿಕೆಗೆ ಬರೆದೆ. ಹಾಕಲಿಲ್ಲ.

ಮನೆ ನಿಂತಿದೆ. ಕೆಳಗಿನ ಕಿಟಕಿಗಳೆಲ್ಲ ಹಿಮದಲ್ಲಿ ಮುಳುಗಿರುವುದರಿಂದ ಹಗಲು ಹೊತ್ತಿನಲ್ಲೂ ದೀಪ ಹಾಕಿಕೊಂಡೇ ಅಡಿಗೆ ಮಾಡುತ್ತೇನೆ. ಹಿಂದಿನ ಹಿತ್ತಲಲ್ಲಿ ನೀವು ಹಿಮದಡಿ ಹೂತಿಟ್ಟ ಕ್ಯಾರೆಟ್ಟುಗಳನ್ನು ನಿನ್ನೆ ಅಗೆದು ತೆಗೆದೆ, ಸಿಹಿಯಾಗಿವೆ. ಗುರುತಿಗೆ ನೆಟ್ಟ ಬಿದಿರು ಒಂದೂವರೆ ಮಾರು ಆಚೆ ಇತ್ತು. ಒಂದು ಕೋಲನ್ನು ನೆಟ್ಟಗೆ ನೆಡಲು ನಿಮಗೆ ಇನ್ನೆಷ್ಟು ವರ್ಷ ಬೇಕು? ಕೊತಾತ್ಸುವಿನಲ್ಲಿ, ಆ ಬಿಸಿಮೇಜಿನ ರಜಾಯಿಯೊಳಗೆ, ನಿಮ್ಮ ಕಡೆ ತಣ್ಣಗಿರುತ್ತದೆ. ನಿಮ್ಮ ಕಾಲು ಯಾವಾಗಲೂ ನನ್ನ ಜಾಗಕ್ಕೆ ಬರುತ್ತಿತ್ತು, ಒದ್ದು ಒದ್ದು ಸಾಕಾಗಿತ್ತು. ಈಗ ಜಾಗ ಬೇಕಾದಷ್ಟಿದೆ.

ನಿಮಗೆ ಸಿಟ್ಟು ಬರುವ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮಾಡಿನ ಹಿಮವನ್ನು ಪಕ್ಕದ ಮನೆಯ ಶೊಕಿಚಿ ತೆಗೆದ. ‘ನಾನು ಬದುಕಿರುವ ತನಕ ಅವನು ಈ ಮನೆಯ ಏಣಿ ಹತ್ತಕೂಡದು’ ಎಂದು ನೀವು ಅಂದದ್ದು ಮರೆತಿಲ್ಲ. ಮಂಗಳವಾರ ತೊಲೆ ಕಿರುಗುಟ್ಟಿತು, ಅಡಿಗೆಮನೆಯ ಜಾರುಬಾಗಿಲು ತೆರೆಯಲು ಬರಲಿಲ್ಲ. ಆಗ ನಿಮ್ಮ ಮರ್ಯಾದೆಯನ್ನು ತೊಲೆಗೆ ಆಧಾರ ಕೊಟ್ಟು ನಿಲ್ಲಿಸಲೆ? ಅವನು ಕೇಳದೆಯೇ ಇಬ್ಬರನ್ನು ಕರೆದುಕೊಂಡು ಬಂದ. ಮೇಲಿನವರು ಕೂಗಿದರೆ ಕೆಳಗಿನವರು ಓಗೊಡಬೇಕೆಂಬ ಪದ್ಧತಿಯಂತೆ ನಾನು ಕೆಳಗೆ ನಿಂತೆ. ಒಂದು ಸಾಲು ಮುಗಿದಾಗಲೆಲ್ಲ ಅವನು ‘ಓಯ್’ ಎಂದ, ನಾನು ‘ಇದೀನಿ’ ಎಂದೆ. ಎರಡು ಗಂಟೆ ಹೊತ್ತು ಅಷ್ಟೇ ಮಾತು. ಇಳಿದು ಬಂದವನು ಚಹಾ ಕುಡಿಯುತ್ತಾ ಸುಮ್ಮನಿರಬಾರದೆ? “ಅಳಿಯಂದ್ರು ಚೆನ್ನಾಗೇ ಬಾಚಿದಾರೆ ಮಿಸಾವೊ, ಕೆಳಗಿಳಿಯೋ ದಾರಿ ಒಂದು ಮರ್ತಿದ್ರು ಅಷ್ಟೆ” ಅಂದ. ಉಳಿದಿಬ್ಬರು ನಕ್ಕರು. ನಾನು ಲೋಟ ತೆಗೆದುಕೊಂಡು ಒಳಗೆ ಬಂದೆ, ಇನ್ನೊಂದು ಸುತ್ತು ಚಹಾ ಕೊಡಲಿಲ್ಲ.

ಅರುವತ್ತೊಂಬತ್ತು ವರ್ಷದ ಗಂಡಸನ್ನು ಈ ಊರು ಇನ್ನೂ ಅಳಿಯ ಎನ್ನುತ್ತದೆ. ನನ್ನ ಅಪ್ಪನಿಗೆ ಗಂಡುಮಕ್ಕಳಿಲ್ಲ ಎಂದು ನೀವು ನಮ್ಮ ಮನೆತನದ ಹೆಸರಿಟ್ಟುಕೊಂಡು ಕಡಲ ತೀರದಿಂದ ಮೇಲೆ ಬಂದಿರಿ. ಬಂದ ಜನವರಿಯಲ್ಲೇ ಊರಿನವರು ನಿಮ್ಮನ್ನು ಹೊತ್ತುಕೊಂಡು ಗುಡಿಯ ಮುಂದಿನ ಇಳಿಜಾರಿನಿಂದ ಹಿಮಕ್ಕೆ ಎಸೆದರು. ಹೊರಗಿನವನೊಬ್ಬ ನಮ್ಮ ಊರಿನ ಹುಡುಗಿಯ ಕೈ ಹಿಡಿದರೆ ಎಸೆಯಲೇಬೇಕು, ಕೆಳಗೆ ಕಾದಿರುವ ಹೆಂಡತಿ ಓಡಿ ಹೋಗಿ ಅವನನ್ನು ಬಗೆದು ತೆಗೆಯಲೇಬೇಕು. ಎಡಗಾಲು ಹಿಡಿದಿದ್ದವನು ಶೊಕಿಚಿ. ಅವನು ನನ್ನನ್ನು ಮದುವೆಗೆ ಕೇಳಿಕೊಂಡು ಅಪ್ಪನ ಹತ್ತಿರ ಬಂದು ಹೋಗಿದ್ದವನು, ಆದ್ದರಿಂದ ಅವನ ಕೈಯಲ್ಲಿ ಸ್ವಲ್ಪ ಹೆಚ್ಚು ಬಲವಿತ್ತು ಎಂಬುದನ್ನು ನಾನೂ ಒಪ್ಪುತ್ತೇನೆ. ನೀವು ತಲೆಕೆಳಗಾಗಿ ಸೊಂಟದವರೆಗೆ ಹೂತುಹೋದಿರಿ. ನಾನು ಓಡಲಿಲ್ಲ, ನಗುತ್ತಾ ನಿಂತಿದ್ದೆ. ಆ ನಗುವನ್ನು ನೀವು ನಲವತ್ತೊಂದು ವರ್ಷ ಲೆಕ್ಕದಲ್ಲಿಟ್ಟಿದ್ದೀರಿ. ಅನ್ನ ಸೀದರೆ ಅದೇ ಮಾತು, ಛತ್ರಿ ಮರೆತರೆ ಅದೇ ಮಾತು: “ನೀನು ಆವತ್ತೇ ಓಡಿ ಬರ್ಲಿಲ್ಲ.” ಅಂದಿನಿಂದ ಊರಿಗೆಲ್ಲ ತೋರಿಸುವ ಹಟ ನಿಮಗೆ. ಬೇರೆ ಮನೆಗಳಲ್ಲಿ ನಾಲ್ವರು ಬಾಚುವ ಮಾಡನ್ನು ನೀವೊಬ್ಬರೇ ಬಾಚಬೇಕು. ಹಗ್ಗ ಕಟ್ಟಿಕೊಳ್ಳಿ ಎಂದರೆ, ಹಗ್ಗ ದನಕ್ಕೆ ಎನ್ನಬೇಕು.

ಹದಿನಾಲ್ಕರ ಬೆಳಗಿನ ಮಾತಿಗೆ ಬರುತ್ತೇನೆ. ಮೂರು ವಾರದ ನಂತರ ಆಕಾಶ ಬಿಚ್ಚಿತ್ತು, ಇಡೀ ಬಯಲಿನ ಹಿಮ ಗಟ್ಟಿಯಾಗಿತ್ತು, ವರ್ಷದ ಮೊದಲ ಗಟ್ಟಿಹಿಮದ ಬೆಳಗು. ಬೇಲಿ, ಕಾಲುವೆ, ಗದ್ದೆಯ ಬದು ಯಾವುದೂ ಇಲ್ಲದೆ ಎಲ್ಲಿಂದ ಎಲ್ಲಿಗೆ ಬೇಕಾದರೂ ನೇರವಾಗಿ ನಡೆದು ಹೋಗಬಹುದಾದ ಬೆಳಗು. ಒಂಬತ್ತು ಗಂಟೆಗೆ ಬಿಸಿಲು ಬಲಿತರೆ ಮುಗಿಯಿತು, ತೊಡೆಯವರೆಗೆ ಕುಸಿಯುತ್ತದೆ. ಇಷ್ಟು ವರ್ಷದಲ್ಲಿ ನಾವಿಬ್ಬರೂ ಒಂದು ಸಲವೂ ಅದನ್ನು ತಪ್ಪಿಸಿಕೊಂಡವರಲ್ಲ. ಮೊದಲ ವರ್ಷ ನೀವು ಒಂದೊಂದು ಹೆಜ್ಜೆಗೂ ನನ್ನ ತೋಳು ಹಿಡಿದುಕೊಂಡು, “ಸಮುದ್ರಾನೇ ಗಟ್ಟಿಯಾದ ಹಾಗಿದೆ ಕಣೆ” ಎಂದಿರಿ. ಗೊಬ್ಬರದ ಚೀಲಕ್ಕೆ ಒಣಹುಲ್ಲು ತುಂಬಿ ಅದರ ಮೇಲೆ ಕೂತು ಜಾರುವುದನ್ನು ಕಲಿಸಿದೆ, ನೀವು ಹೋಗಿ ಶೊಕಿಚಿಯ ಪರ್ಸಿಮನ್ ಮರಕ್ಕೇ ಗುದ್ದಿದಿರಿ. ಮೂಗಿನಲ್ಲಿ ರಕ್ತ ಸುರಿಯುತ್ತಿದ್ದರೂ ಇನ್ನೊಂದು ಸಲ ಎಂದಿರಿ. ಅರುವತ್ತು ದಾಟಿದ ಮೇಲೂ ಇಬ್ಬರೂ ಒಂದೇ ಚೀಲದ ಮೇಲೆ, ಹಿಂದೆ ನಾನು, ಮುಂದೆ ನೀವು, ಊರಿನವರು ನೋಡಿ ಬಾಯಿ ಮುಚ್ಚಿಕೊಂಡು ನಗುವ ಹಾಗೆ ಜಾರಿದ್ದೇವೆ.

ಈ ವರ್ಷವೂ ನಾನು ಐದಕ್ಕೇ ಎದ್ದು ಉಪ್ಪುಮೀನು ಇಟ್ಟ ಅನ್ನದುಂಡೆ ಕಟ್ಟಿ, ಫ್ಲಾಸ್ಕಿಗೆ ಚಹಾ ತುಂಬಿ, ಚೀಲಕ್ಕೆ ಹೊಸ ಹುಲ್ಲು ತುರುಕಿ ಬಾಗಿಲಲ್ಲಿ ಇಟ್ಟಿದ್ದೆ. ನೀವು ಬೂಟು ಹಾಕಿಕೊಳ್ಳುತ್ತಾ ಮೇಲೆ ನೋಡಿ, “ಮೊದ್ಲು ಮಾಡಿನ ಹಿಮ. ಅರ್ಧ ಗಂಟೆ ಅಷ್ಟೆ” ಎಂದಿರಿ. ನಿಮ್ಮ ಅರ್ಧ ಗಂಟೆ ನನಗೆ ಗೊತ್ತಿಲ್ಲವೆ? ಮಾಡು ಮಧ್ಯಾಹ್ನವೂ ಇರುತ್ತದೆ, ಗಟ್ಟಿಹಿಮ ಇರುವುದಿಲ್ಲ ಎಂದೆ. ಆಗ ನೀವು ಅಂದದ್ದನ್ನು ಹಾಗೇ ಬರೆಯುತ್ತೇನೆ. “ಈ ವಯಸ್ಸಲ್ಲಿ ಗೊಬ್ಬರದ ಚೀಲದ ಮೇಲೆ ಕೂತು ಜಾರೋದಕ್ಕೆ ನಾಚಿಕೆ ಆಗಲ್ವಾ? ಶೊಕಿಚಿ ಮನೆಯವ್ರು ನೋಡ್ತಾರೆ.” ನಲವತ್ತೊಂದು ವರ್ಷ ನನ್ನ ಜೊತೆ ಜಾರಿದವರು ಆ ಒಂದು ಬೆಳಿಗ್ಗೆ ಶೊಕಿಚಿಯ ಮನೆಯವರನ್ನು ನೆನೆದುಕೊಂಡಿರಿ. ಒಳಗೆ ಹೋಗಿ ಕೊತಾತ್ಸುವಿನಲ್ಲಿ ಕಾಲಿಟ್ಟು ಪತ್ರಿಕೆ ಬಿಡಿಸಿದೆ. ಆಮೇಲಿನದು ನಿಮಗೂ ಗೊತ್ತು. ಸೂರಿನ ಹಿಮ ಒಟ್ಟಿಗೇ ಜಾರಿದ ಸದ್ದಿಗೆ ಮನೆ ನಡುಗಿತು. ನಾನು ಕಾಲುಚೀಲದಲ್ಲೇ ಓಡಿದೆ, ಕೈಯಲ್ಲೇ ಬಗೆದೆ, ನನ್ನ ಕೂಗು ಕೇಳಿ ಶೊಕಿಚಿ ಸಲಿಕೆ ತಂದ. ನಿಮ್ಮ ಮುಖ ಸಿಕ್ಕಿದಾಗ ತುಟಿ ನೀಲಿಯಾಗಿತ್ತು. ಈ ಸಲ ನಾನು ನಗಲಿಲ್ಲ, ಅದನ್ನಾದರೂ ನಿಮ್ಮ ಲೆಕ್ಕಕ್ಕೆ ಬರೆದುಕೊಳ್ಳಿ.

ಈಗ ನನ್ನ ಮುಂದೆ ಪಟ್ಟಣದ ಕಚೇರಿಯ ಒಂದು ಹಾಳೆ ಇದೆ. ಹಿಮದ ಅವಘಡಗಳ ವರದಿಯಂತೆ. ಕಚೇರಿಯವರು ಆಸ್ಪತ್ರೆಗೆ ಬಂದು ನಿಮ್ಮ ಮಾತು ಬರೆದುಕೊಂಡಿದ್ದಾರೆ. ‘ಮನೆಯವರಿಗೆ ತಿಳಿಸದೆ, ಯಾರನ್ನೂ ಕರೆಯದೆ, ಒಬ್ಬನೇ ಹತ್ತಿದೆ.’ ಅದರ ಕೆಳಗೆ ಸಹಿಯ ಜಾಗದಲ್ಲಿ ನಿಮ್ಮ ಹೆಸರಿನ ಮುದ್ರೆ ಬಿದ್ದಿದೆ. ಪಕ್ಕದ ಖಾಲಿ ಚೌಕದಲ್ಲಿ, ಇದು ನಿಜ ಎಂದು ಮನೆಯವರು ಮುದ್ರೆ ಒತ್ತಬೇಕು. ಒತ್ತಿದರೆ ಮುಂದಿನ ತಿಂಗಳ ಊರ ಸುದ್ದಿಹಾಳೆಯಲ್ಲಿ ಅದು ಎಚ್ಚರಿಕೆಯ ಪಾಠವಾಗಿ ಬರುತ್ತದೆ. ಹೆಸರು ಹಾಕುವುದಿಲ್ಲವಂತೆ, ‘ಒಕುನೊತಾನಿಯ ೬೯ ವರ್ಷದ ಗಂಡಸು’ ಎಂದಷ್ಟೇ. ಹದಿನೇಳು ಮನೆಯ ಊರಿನಲ್ಲಿ ಆ ವಯಸ್ಸಿನವರು ನೀವಲ್ಲದೆ ಇನ್ಯಾರು? ಆ ಹಾಳೆಯನ್ನು ಶೊಕಿಚಿ ಗುಡಿಯ ಫಲಕಕ್ಕೆ ಅಂಟಿಸುತ್ತಾನೆ, ಅದು ಅವನ ಕೆಲಸ. ಕೆಳಗೆ ನಿಲ್ಲುವವರನ್ನು ಕರೆಯದೆ ಏಣಿಗೆ ಕಾಲಿಡಬಾರದು ಎಂಬುದನ್ನು ಈ ಊರಿನ ಮಗುವೂ ಬಲ್ಲದು. ಅಳಿಯನಿಗೆ ಅಷ್ಟೂ ಗೊತ್ತಿರಲಿಲ್ಲ ಎಂದು ನೀವು ಸತ್ತ ಮೇಲೂ ಹೇಳುತ್ತಾರೆ. ಹಾಗೆ ಬರೆಸಿಕೊಳ್ಳಿ ಎಂದು ನಿಮಗೆ ಯಾರು ಹೇಳಿದರು? ನನ್ನನ್ನು ಒಂದು ಮಾತು ಕೇಳಿದಿರಾ? ನಾಲ್ಕು ದಿನದಿಂದ ಕೆಂಪು ಮಸಿಯ ಡಬ್ಬಿ ತೆರೆಯುತ್ತೇನೆ, ಮುಚ್ಚುತ್ತೇನೆ.

ನಿಮ್ಮ ಒಳ್ಳೆಯತನ ಯಾವಾಗಲೂ ಇಷ್ಟೇ, ಬಾಯಿ ಮುಚ್ಚಿಕೊಂಡು ಎದುರಿನವರ ಬಾಯಿಯನ್ನೂ ಮುಚ್ಚಿಸುವುದು. ನನಗೆ ಅದು ಬೇಡ. ಊರುಗೋಲು ಹಿಡಿದು ಬಂದ ಮೇಲೆ ಈ ಜಗಳವನ್ನು ಮುಂದುವರಿಸೋಣ, ಅರ್ಧಕ್ಕೆ ನಿಲ್ಲಿಸುವವಳು ನಾನಲ್ಲ. ಅಲ್ಲಿಯವರೆಗೆ ಕೊಟ್ಟ ಮಾತ್ರೆ ನುಂಗಿ, ನರ್ಸಮ್ಮನನ್ನು ಗೋಳು ಹೊಯ್ದುಕೊಳ್ಳಬೇಡಿ. ಪಕ್ಕದ ಹಾಸಿಗೆಯ ಹಿರಿಯರಿಗೆ ನನ್ನ ನಮಸ್ಕಾರ, ನಿಮ್ಮ ಗೊರಕೆಯನ್ನು ಕೇಳಿಕೊಂಡು ಮಲಗುವವರ ಮೇಲೆ ನನಗೆ ಗೌರವವಿದೆ. ಇದರ ಜೊತೆ ಉಣ್ಣೆಯ ಕಾಲುಚೀಲ ಇಟ್ಟಿದ್ದೇನೆ, ಒಂದೇ. ಇನ್ನೊಂದು ಈಗ ನಿಮಗೆ ಬೇಡ.

ಇನ್ನೂ ಸಿಟ್ಟಿಳಿಯದ,
ಮಿಸಾವೊ

ಮರೆತಿದ್ದು: ಕೆಳಗಿನ ರಸ್ತೆಯಲ್ಲಿ ಗಾಡಿಯ ಸದ್ದಾಗುತ್ತಿದೆ, ಬೇಗ ಬರೆಯುತ್ತೇನೆ. ಏಣಿಯ ಬುಡದಲ್ಲಿ ನಿಂತು ನೀವು ಕೂಗಿದ್ದು ನನಗೆ ಕೇಳಿಸಿತ್ತು. ಮೂರು ಸಲ. ಎರಡನೆಯ ಸಲ ನನ್ನ ಹೆಸರು ಹಿಡಿದು ಕೂಗಿದಿರಿ. ಕೂಗಲಿ ಎಂದು ಪತ್ರಿಕೆಯ ಪುಟ ತಿರುವಿದೆ. ಓಗೊಡದಿದ್ದರೂ ಹತ್ತಿದ್ದು ನಿಮ್ಮ ತಪ್ಪು, ಅದನ್ನು ಬಿಡುವುದಿಲ್ಲ. ಓಗೊಡದೆ ಕೂತಿದ್ದು ನನ್ನದು, ಅದನ್ನು ನೀವು ನುಂಗಿಕೊಳ್ಳಬೇಕಾಗಿಲ್ಲ. ಹಾಳೆಯಲ್ಲಿ ನಿಮ್ಮ ಮಾತಿನ ಮೇಲೆ ಗೆರೆ ಎಳೆದು, ‘ಕರೆದಿದ್ದರು, ಹೆಂಡತಿಗೆ ಕೇಳಿಸಿತ್ತು’ ಎಂದು ಬರೆದು, ಅದರ ಮೇಲೆ ಮುದ್ರೆ ಒತ್ತಿದ್ದೇನೆ. ಅದು ಈ ಗಾಡಿಯಲ್ಲೇ ಹೋಗುತ್ತದೆ. ಶೊಕಿಚಿ ಅಂಟಿಸಲಿ. ಗೊಬ್ಬರದ ಚೀಲ ಬಾಗಿಲಲ್ಲೇ ಇದೆ, ಹುಲ್ಲು ತೆಗೆದಿಲ್ಲ.