ನನ್ನ ನೀಲಿ ಪಾತ್ರೆ, ಜರೆಲ್‌ನ ಫ್ರೀ ಥ್ರೋ

ನವೆಂಬರ್ 8, ಭಾನುವಾರ

ಹುಡುಗರು ಉಂಡು ಹೋದರು. ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಮುಕ್ಕಾಲು ಪಾಲು ಹೊಸ ಮುಖ. ಹೆಸರು ಬಾಯಿಗೆ ಬರುವಷ್ಟರಲ್ಲಿ ಇವರೂ ಬೇರೆ ಕಾಲೇಜಿಗೆ ಹಾರಿರುತ್ತಾರೆ. ಎಲ್ಲರನ್ನೂ ‘ಮಗನೇ’ ಅಂದುಬಿಟ್ಟೆ. ಕೋಚ್‌ನ ಹೆಂಡತಿ, ನಡೆಯುತ್ತದೆ.

ನೀಲಿ ಗಾಜಿನ ಪಾತ್ರೆ ಎಲ್ಲೂ ಇಲ್ಲ. ಆಮೇಲೆ ಹೊಳೆಯಿತು — ಹೋದ ವರ್ಷ ನಮ್ಮ ತಂಡದಲ್ಲಿದ್ದ ಜರೆಲ್! ಏಪ್ರಿಲ್‌ನಲ್ಲಿ ಕೋಳಿ ನೂಡಲ್ಸ್ ತುಂಬಿಸಿಕೊಂಡು ಹೋದವನು ಮರುವಾರವೇ ದೊಡ್ಡ ಯೂನಿವರ್ಸಿಟಿಯ ಪಾಲಾದ. ಪಾತ್ರೆಯ ತಳಕ್ಕೆ ಟೇಪು ಅಂಟಿಸಿ ನನ್ನ ಹೆಸರು ಬರೆದಿದ್ದೆ. ಇಂಡಿಯಾನಾದಲ್ಲಿ ಇನ್ನೊಬ್ಬಳ ಗಂಡನನ್ನು ಇಟ್ಟುಕೊಂಡರೂ ಕ್ಷಮೆ ಸಿಕ್ಕೀತು, ಪಾತ್ರೆ ಇಟ್ಟುಕೊಂಡರೆ ಇಲ್ಲ. ವಾಪಸು ಕೊಡುವಾಗ ಖಾಲಿಯೂ ಕೊಡಬಾರದು.

ಎರಡು ವರ್ಷ, ಪ್ರತಿ ಭಾನುವಾರ, ನಮ್ಮ ಅಂಗಳದ ಬುಟ್ಟಿಗೇ ಅವನ ಫ್ರೀ ಥ್ರೋ ಅಭ್ಯಾಸ, ಯಾರೂ ಅಡ್ಡ ಬಾರದೆ ಗೆರೆಯಲ್ಲಿ ನಿಂತು ಎಸೆಯುವುದು. ಮರದ ಕೊರಡಿನಂತೆ ನೆಟ್ಟಗೆ ನಿಂತು ಎಸೆಯುತ್ತಿದ್ದ. ಅಡುಗೆಮನೆ ಕಿಟಕಿಯಿಂದ ನಾನು ಕೂಗಬೇಕು, “ಮಂಡಿ ಬಗ್ಗಿಸೋ!” ಆಗ ಬೀಳುತ್ತಿತ್ತು.

ಪಾತ್ರೆಯ ವಿಷಯ ಗಂಡ ವೆಂಡೆಲ್‌ಗೆ ಹೇಳಿದೆ. ಉಂಡ ಮನೆಗೆ ಎರಡು ಬಗೆದವನಿಗೆ ಪಾತ್ರೆ ಯಾವ ಲೆಕ್ಕ ಅಂದ.

ನವೆಂಬರ್ 22

ಊಟದ ಜೊತೆ ಗಂಡನ ಭಾಷಣ. ಮೊದಲು ಕಾಲೇಜು ಬದಲಿಸಿದವನು ಒಂದು ವರ್ಷ ಆಡದೆ ಕೂರಬೇಕಿತ್ತು, ಅದು ನ್ಯಾಯ. ಈಗ ಅಂಗಿ ಬದಲಿಸಿದ ಹಾಗೆ ಬದಲಿಸುತ್ತಾರೆ. ನಾವು ಬೆಳೆಸುವುದು, ದೊಡ್ಡವರು ಕೊಯ್ಯುವುದು... ಇತ್ಯಾದಿ.

ತಡೆಯಲಾಗಲಿಲ್ಲ. “ಕೋಚ್ ಆಗಿ ನೀನೂ ಮೂರು ಕಾಲೇಜು ಬದಲಿಸ್ದೆ. ನಿನ್ನನ್ನ ಯಾರಪ್ಪಾ ಒಂದು ವರ್ಷ ಸುಮ್ನೆ ಕೂರಿಸಿದ್ರು?”

ಉಪ್ಪು ಕೊಡು ಅಂದ. ಉಪ್ಪು ಅವನ ಕೈಯಲ್ಲೇ ಇತ್ತು.

ಜನವರಿ 17

ಬರೆಯಲು ಪುರುಸೊತ್ತಿಲ್ಲ. ಗೆಲ್ಲುತ್ತಿದ್ದೇವೆ!

ಇಷ್ಟು ವರ್ಷ ಕೋಚ್ ಆಗಿದ್ದೂ ವೆಂಡೆಲ್ ರಾಷ್ಟ್ರೀಯ ಪಂದ್ಯಾವಳಿಯ ಬಾಗಿಲು ಕಂಡವನಲ್ಲ. ಈ ಸಲ ಇನ್ನಷ್ಟು ತಂಡಗಳಿಗೆ ಜಾಗ. ಅದೂ ಅನ್ಯಾಯವಂತೆ — ಅರ್ಧಕ್ಕರ್ಧ ಪಂದ್ಯಗಳನ್ನು ಸೋತ ದೊಡ್ಡ ಕಾಲೇಜುಗಳನ್ನು ಒಳಗೆ ತೂರಿಸುವ ಉಪಾಯವಂತೆ. ಹಾಗನ್ನುತ್ತಲೇ ಹೊಸ ಟೈ ಕೊಂಡು ತಂದಿದ್ದಾನೆ. ಸಾಕ್ಸ್ ಡ್ರಾಯರ್‌ನಲ್ಲಿ ಬಚ್ಚಿಟ್ಟಿದ್ದಾನೆ. ಸಾಕ್ಸ್ ಒಗೆಯುವವಳು ಯಾರು, ಅದು ಮರೆತಿದೆ.

ದೇವರೇ, ಒಂದೇ ಒಂದು ಸಲ.

ಮಾರ್ಚ್ 14, ಭಾನುವಾರ, ಸಂಜೆ

ಸಿಕ್ಕಿತು! ಪಂದ್ಯಾವಳಿಗೆ ಆಯ್ಕೆಯಾದವರ ಪಟ್ಟಿ ನೋಡಲು ಜಿಮ್‌ನಲ್ಲಿ ಎಲ್ಲರೂ ಟಿವಿ ಮುಂದೆ. ಕೊಟ್ಟಕೊನೆಯ ಜಾಗಗಳಲ್ಲಿ ಒಂದು ನಮಗೆ. ಆನೆಗೆಂದು ಅಗಲ ಮಾಡಿದ ಬಾಗಿಲಲ್ಲಿ ಆಡೂ ನುಗ್ಗಿತು. ವೆಂಡೆಲ್ ಅತ್ತ. ನಾನು ಅವನಿಗಿಂತ ಜೋರಾಗಿ ಅತ್ತೆ.

ಆಮೇಲೆ ಎದುರಾಳಿಯ ಹೆಸರು ಬಂತು. ಜರೆಲ್‌ನ ಯೂನಿವರ್ಸಿಟಿ.

ಕಣ್ಣೊರೆಸಿಕೊಂಡು ವೆಂಡೆಲ್ ಅಂದ, “ಮಂಗಳವಾರ ಅವನ ಮುಖ ನೋಡಿ ನಗಬೇಡ, ನಡೀನ್.”

ನಾನ್ಯಾಕೆ ನಗಲಿ. ನನ್ನ ಪಾತ್ರೆ ಅವನ ಹತ್ತಿರ ಇದೆ.

ಮಾರ್ಚ್ 17, ಬುಧವಾರ, ವಾಪಸು ಬರುವ ಬಸ್ಸಿನಲ್ಲಿ

ವೆಂಡೆಲ್ ಮುಂದಿನ ಸೀಟಿನಲ್ಲಿ. ನಾನು ಹಿಂದಿನದರಲ್ಲಿ. ನಾನೇ ಆರಿಸಿಕೊಂಡದ್ದು.

ಬರೆದುಬಿಡುತ್ತೇನೆ. ನಿನ್ನೆಯ ಪಂದ್ಯ, ಸಮ-ಸಮ, ಕೊನೆಯ ಕ್ಷಣ. ಫೌಲ್ ಆಯಿತು, ಜರೆಲ್‌ಗೆ ಎರಡು ಫ್ರೀ ಥ್ರೋ. ಮೊದಲನೆಯದು ತಪ್ಪಿತು — ಮರದ ಕೊರಡು. ನಮ್ಮವರೆಲ್ಲ ಕುಣಿದರು. ಎರಡನೆಯದಕ್ಕೂ ಹಾಗೇ ನೆಟ್ಟಗೆ ನಿಂತ. ಅರ್ಧ ಖಾಲಿ ಸ್ಟೇಡಿಯಂ, ಎಲ್ಲರೂ ಉಸಿರು ಬಿಗಿ ಹಿಡಿದಿದ್ದಾರೆ, ನಾನು ನಮ್ಮ ಬೆಂಚಿನ ಹಿಂದೆಯೇ ಕೂತಿದ್ದೇನೆ.

ಬಾಯಿ ನನ್ನ ಕೈಲಿರಲಿಲ್ಲ. “ಮಂಡಿ ಬಗ್ಗಿಸೋ!”

ಬಗ್ಗಿಸಿದ. ಬಿತ್ತು. ಒಂದು ಪಾಯಿಂಟಿನಲ್ಲಿ ಸೋತೆವು.

ವೆಂಡೆಲ್ ನಿಧಾನವಾಗಿ ಹಿಂದೆ ತಿರುಗಿ ನೋಡಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹೊಸ ಟೈ ಬಿಚ್ಚಿ ಜೇಬಿಗೆ ಹಾಕಿಕೊಂಡ.

ಮಾರ್ಚ್ 21

ನಾಲ್ಕು ದಿನದಲ್ಲಿ ವೆಂಡೆಲ್ ಆಡಿದ ಮಾತು: ‘ಕಾಫಿ’, ‘ಸರಿ’. ಅಷ್ಟೇ.

ಮಾರ್ಚ್ 28, ಈಸ್ಟರ್

ಚರ್ಚಿನಿಂದ ಬಂದರೆ ಬಾಗಿಲಲ್ಲಿ ಜರೆಲ್. ಅಮ್ಮನ ಮನೆಗೆ ಹೋಗುವ ದಾರಿಯಂತೆ. ಕೈಯಲ್ಲಿ ನೀಲಿ ಪಾತ್ರೆ. ಖಾಲಿಯಲ್ಲ — ತಾನೇ ಮಾಡಿದ ನೂಡಲ್ಸ್. “ಮುದ್ದೆ ಆಗ್ಬಿಟ್ಟಿದೆ, ಮಿಸ್ ನಡೀನ್. ಖಾಲಿ ಕೊಡಬಾರದು ಅಂತ ನೀವೇ ಹೇಳಿದ್ರಲ್ಲ.”

ವೆಂಡೆಲ್ ನೆಟ್ಟಗೆ ನಿಂತ. ಜರೆಲ್ ಈಗ ಬೇರೆ ಕಾಲೇಜಿನ ಆಟಗಾರ. ಹುಡುಗ ತಾನಾಗಿ ಆ ಕಾಲೇಜು ಬಿಡುತ್ತೇನೆಂದು ಹೆಸರು ಕೊಡುವ ತನಕ ಇನ್ನೊಂದು ಕಾಲೇಜಿನ ಕೋಚ್ ಅವನನ್ನು ಮಾತಾಡಿಸುವಂತಿಲ್ಲ. ನಿಯಮ! ಹಾಗಾಗಿ ಇಡೀ ಊಟ ವೆಂಡೆಲ್‌ನ ಮಾತೆಲ್ಲ ನನ್ನ ಮೂಲಕ. ಬಂದವರಿಗೆ ಹೇಳು, ಹ್ಯಾಮ್ ಇನ್ನೂ ಇದೆ. ಬಂದವರನ್ನು ಕೇಳು, ಅವರಮ್ಮ ಹೇಗಿದ್ದಾರೆ. ಜರೆಲ್ ನನ್ನ ಮುಖ ನೋಡಿಕೊಂಡೇ ಉತ್ತರ ಕೊಟ್ಟ. ಆಲೂಗಡ್ಡೆ ಬಟ್ಟಲೂ ನನ್ನ ಕೈ ದಾಟಿಯೇ ಹೋಯಿತು.

ಕೊನೆಗೆ ಆ ಮುದ್ದೆ ನೂಡಲ್ಸಿಗೆ ವೆಂಡೆಲ್ ಚಮಚ ಹಾಕಿದ. ಎರಡನೇ ಸಲವೂ ಬಡಿಸಿಕೊಂಡ. “ಬಂದವರಿಗೆ ಹೇಳು, ಉಪ್ಪು ಕಮ್ಮಿ.”

ಈಗ ಜರೆಲ್ ಅಂಗಳದಲ್ಲಿ ಚೆಂಡು ಹಿಡಿದಿದ್ದಾನೆ. ಒಂದು ತಪ್ಪಿತು. ಇನ್ನೊಂದೂ ತಪ್ಪಿತು. ನಾನು ತುಟಿ ಕಚ್ಚಿಕೊಂಡು ಬರೆಯುತ್ತಿದ್ದೇನೆ, ಈ ಸಲ ಸತ್ತರೂ ಬಾಯಿ ಬಿಡುವುದಿಲ್ಲ. ಅಡುಗೆಮನೆಯಲ್ಲಿ ಕುರ್ಚಿ ಸರಿದ ಸದ್ದು. ಕಿಟಕಿ ತೆರೆದ ಸದ್ದು. ಆಮೇಲೆ ಇಡೀ ಬೀದಿಗೆ ಕೇಳುವಂತೆ ನನ್ನ ಗಂಡನ ಗಂಟಲು —

“ಮಂಡಿ ಬಗ್ಗಿಸೋ, ಜರೆಲ್! ಎಷ್ಟು ಸಲ ಹೇಳ್ಬೇಕು ನಿಂಗೆ!”

ಹೋಯಿತು ನಿಯಮ. ನಾನೂ ಹೊರಗೆ ಹೋಗಿ ಕೂಗಿಬಿಡುತ್ತೇನೆ.